ಆರಿದ ಸಿಗಾರಿಗೆ ಮತ್ತೆ ಬೆಂಕಿ

ಮೂರು ವಾರಗಳ ಹಿಂದಿನ ಒಂದು ಸಂಜೆ, ಬಹಳ ದಿನಗಳಿಂದ ಎತ್ತಿಟ್ಟುಕೊಂಡಿದ್ದ ಒಂದು ಒಳ್ಳೆಯ ಸಿಗಾರನ್ನು ಹೊತ್ತಿಸಿಕೊಂಡು ಬಾಲ್ಕನಿಯಲ್ಲಿ ಕುಳಿತಿದ್ದೆ. ನಿಕರಾಗುವಾದ ಎಲೆಯಲ್ಲಿ ಸುತ್ತಿದ ರೊಬಸ್ಟೊ ಅದು. ಐದು ಅಂಗುಲ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಮೊದಲ ಒಂದೂವರೆ ಅಂಗುಲ ಸುಟ್ಟು, ಆರಂಭದ ಮೆಣಸಿನ ಚುರುಕು ಇಳಿದು, ಹುರಿದ ಕಾಫಿ ಬೀಜದ ಮತ್ತು ಒಣಮರದ ರುಚಿ ಹದಕ್ಕೆ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಅಕ್ಕನ ಫೋನ್ ಬಂತು. ಮುಂದೂಡುವಂಥ ಮಾತಾಗಿರಲಿಲ್ಲ. ಸಿಗಾರನ್ನು ಆಷ್‌ಟ್ರೇಯ ಅಂಚಿನಲ್ಲಿಟ್ಟು ಒಳಗೆ ಹೋದವನು ಹೊರಗೆ ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಸಿಗಾರ್ ಆರಿ ತಣ್ಣಗಾಗಿತ್ತು. ಕುಳಿತವನೇ ಲೈಟರಿನ ಉರಿಯನ್ನು ಅದರ ತುದಿಗೆ ಹಿಡಿದು, ನಾಲ್ಕೈದು ಸಲ ಜೋರಾಗಿ ಎಳೆದೆ. ಬಾಯಿಗೆ ಬಂದದ್ದು ಬಿಸಿಯಾದ, ಕಹಿಯಾದ, ನಾಲಿಗೆಯ ಮೇಲೆ ಡಾಂಬರು ಬಳಿದಂತೆ ಅಂಟಿಕೊಳ್ಳುವ ಘಾಟು ಹೊಗೆ. ಇನ್ನೆರಡು ದಮ್ಮು ಎಳೆದರೆ ಸರಿಹೋಗಬಹುದೆಂದು ಎಳೆದೆ, ಸರಿಹೋಗಲಿಲ್ಲ. ಕೊನೆಗೆ ಅದನ್ನು ಆಷ್‌ಟ್ರೇಯಲ್ಲಿ ಅದುಮಿ ಎದ್ದುಬಿಟ್ಟೆ.

ಅರ್ಧಕ್ಕಿಂತ ಹೆಚ್ಚು ಉಳಿದಿದ್ದ ಒಂದು ಸಿಗಾರ್ ಹಾಗೆ ಹಾಳಾದದ್ದು ನನ್ನನ್ನು ಅಂದಿನಿಂದ ಕಾಡುತ್ತಿದೆ. ಹಣ ಹೋಯಿತೆಂಬ ಕೊರಗಿಗಿಂತ, ನಾನು ಕಲಿತದ್ದನ್ನೇ ಮರೆತು ಅದನ್ನು ಕೆಡಿಸಿದೆನಲ್ಲ ಎಂಬ ನೋವು ಇದರಲ್ಲಿ ಹೆಚ್ಚು. ಆ ಸಂಜೆ ನಾನು ಹೊರಗೆ ಬಂದಾಗ ಅದರಲ್ಲಿ ಇನ್ನೂ ಜೀವ ಇತ್ತು ಎಂದೇ ನನ್ನ ನಂಬಿಕೆ. ಆರಿದ ಸಿಗಾರನ್ನು ಮತ್ತೆ ಹೊತ್ತಿಸುವುದನ್ನು ಕೀಳಾಗಿ ಕಾಣುವವರು ಬಹಳ ಮಂದಿ ಇದ್ದಾರೆ. ಆರಿದ್ದು ಆರಿತು, ಎಸೆದು ಇನ್ನೊಂದನ್ನು ತೆಗೆಯಬೇಕು ಎನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಒಂದು ಒಳ್ಳೆಯ ಸಿಗಾರಿನ ಎಲೆ ಬೀಜದಿಂದ ಕೈಗೆ ಬರುವಷ್ಟರಲ್ಲಿ ಕನಿಷ್ಠ ಎರಡು ಮೂರು ವರ್ಷ ಹಿಡಿಯುತ್ತದೆ. ಕೊಯ್ದು, ನೆರಳಿನಲ್ಲಿ ತೂಗುಹಾಕಿ ಒಣಗಿಸಿ, ರಾಶಿ ಹಾಕಿ ತಮ್ಮದೇ ಬಿಸಿಯಲ್ಲಿ ಹುದುಗಲು ಬಿಟ್ಟು, ರಾಶಿ ಮಗುಚಿ ಮತ್ತೆ ಹುದುಗಿಸಿ, ಹಳತಾಗಲು ಬಿಟ್ಟ ಮೇಲೆ ಅದು ಸುತ್ತುವವರ ಕೈಗೆ ಬರುತ್ತದೆ. ಅಷ್ಟು ಕಾಲ ಅಷ್ಟು ಜನರ ಕೈಯಲ್ಲಿ ಹದಗೊಂಡ ವಸ್ತುವನ್ನು ಒಂದು ಫೋನ್ ಕರೆಗೆ ಬಲಿಕೊಡುವುದು ನನಗೆ ಸರಿಕಾಣುವುದಿಲ್ಲ.

ಆರುವುದು ಅದರ ಸ್ವಭಾವ

ಮೊದಲು ಹೇಳಬೇಕಾದ ಮಾತೆಂದರೆ, ಸಿಗಾರ್ ಆರಿದರೆ ಅದು ಸಿಗಾರಿನ ದೋಷವೂ ಅಲ್ಲ, ಸೇದುವವರಿಗೆ ಅವಮಾನವೂ ಅಲ್ಲ. ಸಿಗರೇಟನ್ನು ಪಕ್ಕಕ್ಕೆ ಇಟ್ಟರೂ ಅದು ಬುಡದವರೆಗೆ ಉರಿಯುತ್ತದೆ, ಏಕೆಂದರೆ ಅದರ ತಂಬಾಕು ಸಣ್ಣಗೆ ಕತ್ತರಿಸಿದ್ದು, ಸಡಿಲವಾಗಿ ತುಂಬಿದ್ದು, ಅದರ ಕಾಗದಕ್ಕೆ ಉರಿಯನ್ನು ಕಾಯ್ದಿಡುವ ಲವಣಗಳನ್ನು ಸೇರಿಸಿರುತ್ತಾರೆ. ಕೈಯಿಂದ ಸುತ್ತಿದ ಸಿಗಾರಿನಲ್ಲಿ ಕಾಗದವೇ ಇಲ್ಲ. ಒಳಗೆ ಉದ್ದುದ್ದ ಮಡಚಿದ ಇಡೀ ಎಲೆಗಳು, ಅವುಗಳನ್ನು ಬಿಗಿಹಿಡಿಯುವ ಬೈಂಡರ್ ಎಲೆ, ಅದರ ಮೇಲೆ ಕಣ್ಣಿಗೆ ಕಾಣುವ ನುಣುಪಾದ ವ್ರ್ಯಾಪರ್, ಬಾಯಿಗಿಡುವ ತುದಿಯ ಮೇಲಿನ ಎಲೆಯ ಟೋಪಿಯನ್ನು ಅಂಟಿಸಲು ಒಂದು ತೊಟ್ಟು ಸಸ್ಯಮೂಲದ ಗೋಂದು, ಅಷ್ಟೇ. ಒಳಗಿನ ಎಲೆಗಳೂ ಒಂದೇ ಬಗೆಯವಲ್ಲ. ಗಿಡದ ಕೆಳಭಾಗದ ವೊಲಾಡೊ ಎಲೆ ಚೆನ್ನಾಗಿ ಉರಿಯುತ್ತದೆ, ಆದರೆ ರುಚಿ ಕಡಿಮೆ. ನಡುವಿನ ಸೆಕೊ ಎಲೆಯಿಂದ ಘಮ ಬರುತ್ತದೆ. ತುದಿಯಲ್ಲಿ ಬಿಸಿಲನ್ನು ಹೆಚ್ಚು ಕುಡಿದು ದಪ್ಪವಾಗಿ ಬೆಳೆದ ಲಿಗೆರೊ ಎಲೆಯಲ್ಲಿ ಬಲ ಇದೆ, ಆದರೆ ಅದು ಬಹಳ ನಿಧಾನವಾಗಿ ಉರಿಯುತ್ತದೆ. ಅದಕ್ಕಾಗಿಯೇ ಸುತ್ತುವವರು ಲಿಗೆರೊವನ್ನು ಸರಿಯಾಗಿ ನಡುವಿಗೆ ಇಡುತ್ತಾರೆ. ಎರಡು ಮೂರು ನಿಮಿಷ ಗಮನ ಕೊಡದಿದ್ದರೆ ಕೆಂಡ ಬೂದಿಯ ಹಿಂದೆ ಕುಗ್ಗುತ್ತಾ ಹೋಗುತ್ತದೆ. ಹತ್ತು ನಿಮಿಷಕ್ಕೆ ಆರಿಯೇ ಹೋಗುತ್ತದೆ.

ತೇವವೂ ಒಂದು ಕಾರಣ. ಸಿಗಾರುಗಳನ್ನು ಹದವಾದ ತೇವದಲ್ಲಿ ಕಾಯ್ದಿಡುವ ಪೆಟ್ಟಿಗೆಯಾದ ಹ್ಯುಮಿಡಾರಿನಲ್ಲಿ ತೇವಾಂಶ ಶೇಕಡಾ 70ರ ಮೇಲೆ ಹೋದರೆ ಎಲೆ ಉಬ್ಬಿ ಗಾಳಿ ಸರಾಗವಾಗಿ ಬರುವುದಿಲ್ಲ, ಉರಿಯೂ ನಿಲ್ಲುವುದಿಲ್ಲ. ಒಂದು ವರ್ಷ ನನ್ನ ಪೆಟ್ಟಿಗೆಯನ್ನು 72ರ ಆಸುಪಾಸಿನಲ್ಲಿಟ್ಟು, ಪ್ರತಿ ಸಿಗಾರನ್ನೂ ಮೂರು ಮೂರು ಸಲ ಹೊತ್ತಿಸುತ್ತಾ, ಕೊಂಡ ಕಡೆಯಲ್ಲೇ ಏನೋ ತಪ್ಪಿದೆ ಎಂದುಕೊಂಡಿದ್ದೆ. 65ಕ್ಕೆ ಇಳಿಸಿದ ಮೇಲೆ ಅದೇ ಪೆಟ್ಟಿಗೆಯ ಸಿಗಾರುಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಉರಿಯಲ್ಲಿ ಮುಗಿಯತೊಡಗಿದವು. ಯಾವಾಗಲೂ ಆರುತ್ತಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ.

ಒಳಗೆ ಉಳಿದ ಹೊಗೆ

ಹಾಗಾದರೆ ಆರಿದ ಸಿಗಾರ್ ಕೆಡುವುದೇಕೆ? ನಾವು ಎಳೆಯುವ ಪ್ರತಿ ದಮ್ಮಿನಲ್ಲೂ ಕೆಂಡದಿಂದ ಹೊರಟ ಬಿಸಿ ಹೊಗೆ ಹಿಂದಿರುವ ಸುಡದ ತಂಬಾಕಿನ ಮೂಲಕ ಬಾಯಿಗೆ ಬರುತ್ತದೆ. ಬರುವ ದಾರಿಯಲ್ಲಿ ತಣಿಯುತ್ತಾ, ತನ್ನಲ್ಲಿದ್ದ ನೀರಿನ ಆವಿ, ಟಾರು, ನಿಕೋಟಿನನ್ನು ಸ್ವಲ್ಪ ಸ್ವಲ್ಪವಾಗಿ ಆ ಎಲೆಗಳ ಮೇಲೆ ಇಳಿಸುತ್ತದೆ. ಅಂದರೆ ಉಳಿದ ತುಂಡು ಹೊಸ ಸಿಗಾರಿನಂತೆ ಇರುವುದೇ ಇಲ್ಲ. ತನ್ನ ಮುಂದೆ ಸುಟ್ಟದ್ದರ ಶೇಷವನ್ನು ಹೀರಿಕೊಂಡೇ ಅದು ಕುಳಿತಿರುತ್ತದೆ. ಸಿಗಾರಿನ ಮೂರು ಭಾಗಗಳನ್ನು ಫ್ರೆಂಚರು ಪ್ರಾಸ ಕಟ್ಟಿ ಹೇಳುವುದುಂಟು: ಮೊದಲನೆಯದು ಒಣಹುಲ್ಲು, ಎರಡನೆಯದು ದಿವ್ಯ, ಮೂರನೆಯದು ಸಗಣಿಯ ರೊಚ್ಚು. ಕೊನೆಯ ಮಾತು ತುಸು ಕಠೋರವೆನಿಸಿದರೂ ಕೊನೆಯ ಅಂಗುಲದಲ್ಲಿ ಹೊಗೆ ಗಡುಸಾಗುವುದು ಸೇದುವ ಎಲ್ಲರಿಗೂ ಗೊತ್ತು.

ಉರಿಯುತ್ತಿರುವಷ್ಟು ಹೊತ್ತು ಈ ಶೇಷ ಹರಿಯುತ್ತಿರುವ ಹೊಗೆಯ ಭಾಗವಾಗಿರುತ್ತದೆ. ಆರಿದ ಕೂಡಲೇ ಅದು ನಿಂತ ನೀರಾಗುತ್ತದೆ. ಒಳಗೆ ಸಿಕ್ಕಿಕೊಂಡ ಕೊನೆಯ ಹೊಗೆ ತಣಿದು ಎಲೆಗೆ ಅಂಟುತ್ತದೆ, ತುದಿಯ ಕರಕಲು ತೇವ ಹೀರಿಕೊಂಡು ಹಳಸಲು ವಾಸನೆ ಕೊಡತೊಡಗುತ್ತದೆ. ನಾನು ಆ ಸಂಜೆ ಮಾಡಿದ ತಪ್ಪು ಇಲ್ಲಿಯೇ. ಬೂದಿಯನ್ನು ಕೊಡವದೆ, ಒಳಗಿದ್ದ ಹಳೆಯ ಹೊಗೆಯನ್ನು ಹೊರಹಾಕದೆ, ಕರಕಲಿಗೇ ಮತ್ತೆ ಉರಿ ಕೊಟ್ಟು ಅಷ್ಟನ್ನೂ ಬಾಯಿಗೆ ಎಳೆದುಕೊಂಡೆ. ಕಹಿಯಾಗದೆ ಇನ್ನೇನಾದೀತು?

ಅವರು ಕಲಿಸಿದ್ದು

ಇದನ್ನೆಲ್ಲ ನನಗೆ ಕೈಯಲ್ಲಿ ಮಾಡಿ ತೋರಿಸಿಕೊಟ್ಟವರು ನನ್ನ ಮೊದಲ ಕೆಲಸದಲ್ಲಿ ಮೇಲಧಿಕಾರಿಯಾಗಿದ್ದ ಒಬ್ಬ ಹಿರಿಯರು. ಮಿತಭಾಷಿ. ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ನಾವು ಭೇಟಿಯಾಗುತ್ತಿದ್ದೆವು. ಅಂಥ ಒಂದು ಭಾನುವಾರ, ಅವರು ಸೇದುತ್ತಿದ್ದ ಕರೋನಾ ಎಂಬ ಅಳತೆಯ ಸಿಗಾರ್ ಮಾತಿನ ನಡುವೆ ಆರಿಹೋಯಿತು. ನಾನು ಮುಂದೆ ಬಾಗಿ ನನ್ನ ಲೈಟರ್ ಹೊತ್ತಿಸಿದೆ. ಅವರು ಕೈ ಅಡ್ಡ ಹಿಡಿದು, ‘ತಡಿಯಪ್ಪ, ಅದಕ್ಕೇನು ಅವಸರ?’ ಎಂದರು.

ಮೊದಲು ಸಿಗಾರನ್ನು ಆಷ್‌ಟ್ರೇಯ ಅಂಚಿಗೆ ತಾಗಿಸಿ ಮೆಲ್ಲಗೆ ಉರುಳಿಸಿದರು. ಅಂಗುಲದಷ್ಟು ಉದ್ದವಿದ್ದ ಬೂದಿ, ಒಂದರ ಮೇಲೊಂದು ಜೋಡಿಸಿದ ತೆಳು ಬಿಲ್ಲೆಗಳಂತೆ ಪದರ ಪದರವಾಗಿ ಕಾಣುತ್ತಿದ್ದದ್ದು, ಇಡಿಯಾಗಿ ಕಳಚಿ ಬಿತ್ತು. ಬೂದಿಯ ಕೆಳಗೆ ಶಂಕುವಿನ ಆಕಾರದಲ್ಲಿ ಕರಿದಾದ ತುದಿ ಕಂಡಿತು. ಒಂದು ಬೆಂಕಿಕಡ್ಡಿಯ ಬುಡದಿಂದ ಅಲ್ಲಿನ ಸಡಿಲ ಕರಕಲನ್ನು ಕೆರೆದು ತೆಗೆದರು. ಕೆರೆದದ್ದು ಎಷ್ಟು ಹಗುರವಾಗಿ ಎಂದರೆ ವ್ರ್ಯಾಪರಿನ ಅಂಚು ಒಂದು ಚೂರೂ ಬಿರಿಯಲಿಲ್ಲ. ಆಮೇಲೆ ಸಿಗಾರನ್ನು ತುಟಿಗೆ ಇಟ್ಟು, ಎಳೆಯುವುದನ್ನು ಬಿಟ್ಟು, ಅದರ ಮೂಲಕ ನಿಧಾನವಾಗಿ ಊದಿದರು. ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ. ಆ ಗಾಳಿ ನನ್ನ ಕಡೆಗೆ ಬಂದಾಗ ಒದ್ದೆ ಬೂದಿಯ ಘಾಟು ಮೂಗಿಗೆ ಬಡಿಯಿತು. ‘ಬಂತಾ ವಾಸನೆ?’ ಎಂದು ಕೇಳಿದರು. ‘ಬಂತು ಸರ್.’ ‘ಇದನ್ನ ನಾನು ಎಳ್ಕೊಂಡಿದ್ರೆ ಇದು ನನ್ನ ಬಾಯಲ್ಲಿರೋದು. ಮೊದಲು ಊದಬೇಕು.’

ಆನಂತರ ಉದ್ದನೆಯ ಕಡ್ಡಿಯೊಂದನ್ನು ಗೀರಿ, ಗಂಧಕ ಸುಟ್ಟು ಮುಗಿಯುವವರೆಗೆ ಕಾದು, ಉರಿಯ ತುದಿಯನ್ನು ಸಿಗಾರಿಗೆ ಮುಟ್ಟಿಸದೆ ಅರ್ಧ ಅಂಗುಲ ಕೆಳಗೆ ಹಿಡಿದು, ಸಿಗಾರನ್ನು ಬೆರಳುಗಳ ನಡುವೆ ತಿರುಗಿಸತೊಡಗಿದರು. ಅಂಚು ಮೊದಲು ಕೆಂಪಗಾಯಿತು, ಆಮೇಲೆ ನಡು. ತುದಿಯ ಮೇಲೆ ಬಾಯಿಂದ ಗಾಳಿ ಊದಿ ಕೆಂಡ ಸುತ್ತಲೂ ಒಂದೇ ಸಮನಾಗಿ ಹೊಳೆಯುತ್ತಿದೆಯೇ ಎಂದು ನೋಡಿದರು. ಒಂದು ಕಡೆ ಕಪ್ಪಾಗಿ ಉಳಿದಿದ್ದ ಜಾಗಕ್ಕೆ ಮತ್ತೊಮ್ಮೆ ಉರಿ ತೋರಿಸಿದರು. ಇಷ್ಟಾದ ಮೇಲೆಯೇ ಮೊದಲ ದಮ್ಮು. ಅದನ್ನೂ ಎಳೆದಂತೆ ಎಳೆದು ಹೊರಗೆ ಬಿಟ್ಟುಬಿಟ್ಟರು, ರುಚಿ ನೋಡಲಿಲ್ಲ. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಇಡೀ ಕೆಲಸಕ್ಕೆ ಮೂರು ನಿಮಿಷವಾದರೂ ಹಿಡಿದಿರಬೇಕು.

ಊದುವ ಕ್ರಮವನ್ನು ಉರಿ ಹಿಡಿದುಕೊಂಡೇ ಮಾಡುವವರೂ ಇದ್ದಾರೆ. ಆಗ ಒಳಗಿನ ಹಳೆಯ ಹೊಗೆ ಉರಿಗೆ ಸಿಕ್ಕಿ ಭಗ್ಗೆಂದು ಹಳದಿ ಜ್ವಾಲೆಯಾಗಿ ಹೊತ್ತಿಕೊಳ್ಳುತ್ತದೆ. ಕೆಲಸ ಆಗುತ್ತದೆ ನಿಜ, ಆದರೆ ಮುಖದ ಹತ್ತಿರ ಇಂಥದ್ದನ್ನು ಮಾಡುವುದು ನನಗೆ ಇಷ್ಟವಿಲ್ಲ. ಪೆಟ್ರೋಲ್ ತುಂಬಿದ ಬತ್ತಿಯ ಲೈಟರನ್ನಂತೂ ಬಳಸಲೇಬಾರದು, ಅದರ ವಾಸನೆ ಎಲೆಗೆ ಹಿಡಿಯುತ್ತದೆ; ಬ್ಯುಟೇನ್ ಲೈಟರ್ ಅಥವಾ ಮರದ ಕಡ್ಡಿಯೇ ಆಗಬೇಕು.

ಎಷ್ಟು ಹೊತ್ತಿನವರೆಗೆ

ಎಷ್ಟು ಹೊತ್ತು ಆರಿದ್ದರೆ ಮತ್ತೆ ಹೊತ್ತಿಸಬಹುದು ಎಂಬುದು ಉಳಿದ ಪ್ರಶ್ನೆ. ಇದಕ್ಕೆ ಉತ್ತರ ಸಿಗುವುದು ಸ್ವಂತ ನಾಲಿಗೆಯಿಂದಲೇ ಎಂದುಕೊಂಡು, ಕೆಲವು ವರ್ಷಗಳ ಹಿಂದೆ ಒಂದೇ ಪೆಟ್ಟಿಗೆಯ ಮೂರು ಸಿಗಾರುಗಳನ್ನು ಮೂರು ಬೇರೆ ವಾರಗಳಲ್ಲಿ ಅರ್ಧ ಸೇದಿ ಬೇಕೆಂದೇ ಆರಲು ಬಿಟ್ಟೆ. ಮೊದಲನೆಯದನ್ನು ಅರ್ಧ ಗಂಟೆಯ ನಂತರ ಹೊತ್ತಿಸಿದೆ. ಕೆರೆದು, ಊದಿ, ನಿಧಾನವಾಗಿ ಕಾಯಿಸಿ ಹೊತ್ತಿಸಿದ ಮೇಲೆ ಎರಡು ದಮ್ಮಿನಷ್ಟು ಹೊತ್ತು ಗಡುಸು ಇತ್ತು, ಆಮೇಲೆ ಬಿಟ್ಟ ಜಾಗದಿಂದಲೇ ರುಚಿ ಮುಂದುವರಿಯಿತು. ಎರಡನೆಯದನ್ನು ಎರಡು ಗಂಟೆಯ ನಂತರ ಹೊತ್ತಿಸಿದಾಗ ಹೊಗೆ ಒರಟಾಗಿತ್ತು. ಮರದ ರುಚಿ ಉಳಿದಿತ್ತು, ಅದರ ಹಿಂದೆ ಇರುತ್ತಿದ್ದ ನವಿರಾದ ಸಿಹಿ ಹೋಗಿತ್ತು. ಸೇದಬಹುದು, ಆದರೆ ಅದರ ಒಳ್ಳೆಯ ಭಾಗ ಮುಗಿದಿದೆ ಎಂದು ತಿಳಿಯುತ್ತಿತ್ತು.

ಮೂರನೆಯದನ್ನು ಮಾರನೆಯ ದಿನ ಬೆಳಿಗ್ಗೆ ಹೊತ್ತಿಸಿದೆ. ಕರಕಲು ತುದಿಯನ್ನು ಕಟರಿನಿಂದ ಅರ್ಧ ಅಂಗುಲದಷ್ಟು ಕತ್ತರಿಸಿ ತೆಗೆದಿದ್ದೆ, ಹಾಗೆ ಮಾಡಿದರೆ ರಾತ್ರಿ ಇಟ್ಟರೂ ಕೆಡುವುದಿಲ್ಲ ಎಂದು ಯಾರೋ ಹೇಳಿದ್ದರಿಂದ. ಮೇಲ್ನೋಟಕ್ಕೆ ತುಂಡು ಚೊಕ್ಕಟವಾಗಿಯೇ ಇತ್ತು. ಆದರೆ ಮೂಗಿನ ಹತ್ತಿರ ಹಿಡಿದಾಗ ಅಮೋನಿಯಾದಂಥ ಚುಚ್ಚುವ ವಾಸನೆ. ಖಾಲಿ ಹೊಟ್ಟೆಯಲ್ಲಿ ಆರೇಳು ದಮ್ಮು ಎಳೆಯುವಷ್ಟರಲ್ಲಿ ಬಾಯಿ ತುಂಬ ಜೊಲ್ಲು ಬಂದು, ಹಣೆಯಲ್ಲಿ ತಣ್ಣನೆಯ ಬೆವರು ಒಡೆದು, ತಲೆ ಸುತ್ತತೊಡಗಿತು. ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ಅರ್ಧ ಗಂಟೆ ಗೋಡೆಗೆ ಒರಗಿ ಕುಳಿತೆ. ಅಂದಿನಿಂದ ನನ್ನ ಮಟ್ಟಿಗೆ ಗಡಿ ಸ್ಪಷ್ಟವಾಗಿದೆ: ಒಂದು ಗಂಟೆಯೊಳಗೆ ಆದರೆ ಸಂತೋಷದಿಂದ, ಎರಡು ಗಂಟೆಯವರೆಗೆ ಅನಿವಾರ್ಯವಾದರೆ, ರಾತ್ರಿ ಕಳೆದದ್ದನ್ನು ಮುಟ್ಟುವುದಿಲ್ಲ. ಅರ್ಧ ಸೇದಿದ್ದನ್ನು ಹ್ಯುಮಿಡಾರಿನಲ್ಲಿ ಇಡುವುದಂತೂ ದೊಡ್ಡ ತಪ್ಪು. ಅದರ ವಾಸನೆ ಸೀಡರ್ ಹಲಗೆಗೂ ಉಳಿದ ಸಿಗಾರುಗಳಿಗೂ ಹಿಡಿದುಬಿಡುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ.

ಎಳೆಯುವುದನ್ನು ನಿಲ್ಲಿಸಲೇಬೇಕಾಗಿ ಬಂದಾಗ ಆ ಹಿರಿಯರು ಇನ್ನೊಂದು ಕೆಲಸ ಮಾಡುತ್ತಿದ್ದರು. ಎದ್ದು ಹೋಗುವ ಮೊದಲು ಸಿಗಾರಿನ ಮೂಲಕ ಒಮ್ಮೆ ಊದಿ, ಒಳಗಿನ ಹೊಗೆಯನ್ನು ಬಿಸಿಯಿರುವಾಗಲೇ ಹೊರಗೆ ಕಳಿಸಿ, ಅದನ್ನು ಆಷ್‌ಟ್ರೇಯಲ್ಲಿ ಅಡ್ಡಲಾಗಿ ಮಲಗಿಸಿ, ತಾನಾಗಿ ಆರಲು ಬಿಡುತ್ತಿದ್ದರು. ಸಿಗರೇಟಿನಂತೆ ಅದುಮಿ ಆರಿಸಿದರೆ ಒಳಗಿನ ಎಲೆಗಳು ಜಜ್ಜಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ, ಕೋಣೆಯೆಲ್ಲ ಘಾಟು ತುಂಬುತ್ತದೆ. ಎದ್ದು ಹೋಗುವಾಗಿನ ಆ ಒಂದು ಉಸಿರು ಮರಳಿ ಬಂದಾಗಿನ ರುಚಿಯಲ್ಲಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದನ್ನು ಮಾಡಿ ನೋಡಿದವರೇ ಹೇಳಬೇಕು.

ಒಂದು ತುಂಡಿನ ಕಥೆ

ಆರಿದ ಸಿಗಾರಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಮುಂದೆ ಅಮೆರಿಕದ ಅಧ್ಯಕ್ಷರಾದ ಸೇನಾಪತಿ ಯುಲಿಸಿಸ್ ಗ್ರಾಂಟ್. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಫೆಬ್ರವರಿಯಲ್ಲಿ, ಟೆನೆಸ್ಸಿಯ ಡೊನೆಲ್ಸನ್ ಕೋಟೆಯ ಕದನದ ಹೊತ್ತಿನಲ್ಲಿ ಫೂಟ್ ಎಂಬ ನೌಕಾಧಿಕಾರಿ ಗ್ರಾಂಟ್ ಅವರಿಗೆ ಒಂದು ಸಿಗಾರ್ ಕೊಟ್ಟಿದ್ದ. ಶತ್ರುಗಳು ದಾಳಿ ಮಾಡಿದ ಸುದ್ದಿ ಬಂದು ಗ್ರಾಂಟ್ ರಣರಂಗಕ್ಕೆ ಧಾವಿಸಿದಾಗ ಅದರ ತುಂಡು ಅವರ ಕೈಯಲ್ಲೇ ಉಳಿದಿತ್ತು. ಸಿಗಾರ್ ಹಿಡಿದು ಯುದ್ಧ ನಡೆಸಿದ ಸೇನಾಪತಿ ಎಂದು ಪತ್ರಿಕೆಗಳು ಬರೆದವು. ಗೆಲುವಿನ ಸಂಭ್ರಮದಲ್ಲಿ ಜನ ಅವರಿಗೆ ಸಾವಿರಾರು ಸಿಗಾರುಗಳನ್ನು ಕಾಣಿಕೆಯಾಗಿ ಕಳಿಸಿದರು. ಅಲ್ಲಿಯವರೆಗೆ ಅಷ್ಟಾಗಿ ಸೇದದಿದ್ದ ಗ್ರಾಂಟ್ ಅಲ್ಲಿಂದ ಬಿಡದೆ ಸೇದುವವರಾದರು, 1885ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡರು.

ಸಿಗಾರಿನ ಬಗ್ಗೆ ಪ್ರೀತಿಯಿಂದ ಬರೆಯುವವನು ಇದನ್ನು ಬಿಟ್ಟು ಬರೆಯಬಾರದು. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂಬ ಮಾತು ಸುಳ್ಳು. ಸಿಗಾರಿನ ಹೊಗೆ ಕ್ಷಾರೀಯವಾದದ್ದರಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶ, ಇಷ್ಟರ ಕ್ಯಾನ್ಸರಿಗೂ ಸಿಗಾರ್ ಕಾರಣವಾಗುತ್ತದೆ ಎಂಬುದು ದೃಢಪಟ್ಟ ವಿಷಯ. ಇದನ್ನು ತಿಳಿದೇ ನಾನು ತಿಂಗಳಿಗೆ ಒಂದಕ್ಕೆ ನಿಲ್ಲಿಸಿದ್ದೇನೆ. ಅದರಿಂದ ಅಪಾಯ ಇಲ್ಲವಾಗುತ್ತದೆ ಎಂಬ ಭ್ರಮೆ ನನಗಿಲ್ಲ. ತಿಂಗಳಿಗೆ ಒಂದೇ ಎಂದು ನಿಂತವನಿಗೆ ಆ ಒಂದು ಆರಿದಾಗ ಇನ್ನೊಂದನ್ನು ತೆಗೆಯುವ ದಾರಿ ಇರುವುದಿಲ್ಲ. ಮತ್ತೆ ಹೊತ್ತಿಸುವ ಈ ಕೆಲಸಕ್ಕೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಅದೂ ಒಂದು ಕಾರಣ.

ಈಚೆಗೆ ಸಣ್ಣ ಸಿಗಾರುಗಳತ್ತ ವಾಲಿದ್ದೇನೆ. ರೊಬಸ್ಟೊ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ಯಾರೂ ಕರೆಯದ ಸಂಜೆ ನನಗೆ ಸಿಗುವುದು ಅಪರೂಪ. ಹಾಫ್ ಕರೋನಾ ಸುಮಾರು 90 ಮಿಲಿಮೀಟರ್ ಉದ್ದ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಉದ್ದ ಸಿಗಾರಿನಲ್ಲಿ ರುಚಿ ತಿರುಗುತ್ತಾ ಹೋಗುವ ಸುಖ ಇದರಲ್ಲಿ ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಆದರೂ ಕಳೆದ ಭಾನುವಾರ ರೊಬಸ್ಟೊವನ್ನೇ ತೆಗೆದೆ. ಅದೇ ಪೆಟ್ಟಿಗೆಯದು. ಅರ್ಧದ ಹತ್ತಿರ ಬಂದಾಗ ಬಾಗಿಲ ಕರೆಗಂಟೆ ಬಾರಿಸಿತು. ಏಳುವ ಮೊದಲು ನೆನಪಿಟ್ಟುಕೊಂಡು ಸಿಗಾರಿನ ಮೂಲಕ ಊದಿದೆ. ತುದಿಯಿಂದ ದಟ್ಟವಾದ ನೀಲಿ ಹೊಗೆ ಹೊರಟು ಚೆದುರಿತು. ಮರಳಿ ಬಂದಾಗ ಇಪ್ಪತ್ತೈದು ನಿಮಿಷವಾಗಿತ್ತು. ಬೂದಿ ಉರುಳಿಸಿ, ಕಡ್ಡಿಯ ಬುಡದಿಂದ ಕರಕಲು ಕೆರೆದು, ಮತ್ತೆರಡು ಸಲ ಊದಿ, ಉರಿಯನ್ನು ದೂರದಲ್ಲಿಟ್ಟು ತಿರುಗಿಸಿದೆ. ಅಂಚು ಕೆಂಪಾಯಿತು, ಆಮೇಲೆ ನಡು. ಮೊದಲ ದಮ್ಮನ್ನು ಹೊರಗೆ ಬಿಟ್ಟೆ. ಮೂರನೆಯದರಲ್ಲಿ ಕಾಫಿ ಬೀಜದ ಆ ರುಚಿ ಮರಳಿ ಬಂತು, ಮೊದಲಿಗಿಂತ ತುಸು ಗಾಢವಾಗಿ. ಸಿಗಾರಿಗೆ ಸುತ್ತಿದ ಹೆಸರಿನ ಪಟ್ಟಿಯ ಹತ್ತಿರಕ್ಕೆ ಬರುವವರೆಗೆ ಇನ್ನೂ ಇಪ್ಪತ್ತು ನಿಮಿಷ ಸೇದಿ, ಬೆರಳಿಗೆ ಬಿಸಿ ತಾಗತೊಡಗಿದಾಗ ಆಷ್‌ಟ್ರೇಯಲ್ಲಿ ಅಡ್ಡಲಾಗಿ ಮಲಗಿಸಿದೆ. ಹೊಗೆಯ ಸಣ್ಣ ಎಳೆಯೊಂದು ಸ್ವಲ್ಪ ಹೊತ್ತು ಏಳುತ್ತಿತ್ತು.